ಕುಲುಮೆಯಲ್ಲಿ 7 ಭಾನುವಾರ

ಚಾಕು ಮಾಡೋದು ಕಲೀಬೇಕು ಅಂತ ಹೊರಟಾಗ ನನ್ನ ಹತ್ತಿರ ಇದ್ದದ್ದು ಮೊಬೈಲಿನಲ್ಲಿ ನೋಡಿದ ರಾಶಿ ವಿಡಿಯೋ ಮತ್ತು ಒಂದು ಡೈರಿ ತುಂಬ ಅಂಕಿ. ಯಾವ ಉಕ್ಕನ್ನು ಎಷ್ಟು ಡಿಗ್ರಿಗೆ ಕಾಯಿಸಬೇಕು, ಎಷ್ಟು ಹೊತ್ತು, ಎಲ್ಲ ಬಾಯಿಪಾಠ. ಸುತ್ತಿಗೆ ಮಾತ್ರ ಗೋಡೆಗೆ ಮೊಳೆ ಹೊಡೆಯೋಕೆ ಬಿಟ್ಟು ಇನ್ಯಾವುದಕ್ಕೂ ಹಿಡಿದಿರಲಿಲ್ಲ.

ಮಂಡ್ಯ ಬಿಟ್ಟು ಮದ್ದೂರಿನ ಕಡೆ ಹೋಗುವಾಗ ಒಳಗೆ ತಿರುಗಿ ನಾಲೆ ದಾಟಿದರೆ ಒಂದು ಊರು, ಅಲ್ಲಿ ಆಚಾರ್ರ ಕುಲುಮೆ. ಕಬ್ಬು ಕಡಿಯೋ ಮಚ್ಚು, ಕುಡುಗೋಲು, ಎಳನೀರು ಕೊಚ್ಚೋ ಮಚ್ಚು, ಇವೇ ಅವರ ಕೆಲಸ. ವಾರವೆಲ್ಲ ಜನ ಹಳೇ ಮಚ್ಚು ತಟ್ಟಿಸೋಕೆ ಬರ್ತಾರೆ, ಹಾಗಾಗಿ ನನಗೆ ಸಿಕ್ಕಿದ್ದು ಭಾನುವಾರ. ದಿನಕ್ಕೆ 600 ರೂಪಾಯಿ, ಇದ್ದಿಲು ನನ್ನದು. ಕಲಿಯೋನು ನಾನೊಬ್ಬನೇ, ಕಲಿಸೋರು ಅವರೊಬ್ಬರೇ.

ಮೊದಲ ವಾರ ಚಾಕುವಿನ ಮಾತೇ ಇಲ್ಲ. ಒಂದು ಕಬ್ಬಿಣದ ಸರಳು ಕೊಟ್ಟು ತುದಿ ಚೂಪು ಮಾಡು ಅಂದರು. ಹತ್ತು ನಿಮಿಷಕ್ಕೆ ನನ್ನ ಮೊಣಕೈ ಬಿಟ್ಟುಹೋಯ್ತು. ಅವರು ಹಿಂದೆ ಬಂದು ನಿಂತು, ನನ್ನ ಕೈ ಮೇಲೇ ಕೈ ಇಟ್ಟು ಸುತ್ತಿಗೆ ಎತ್ತಿದರು. "ಹೊಡೀಬ್ಯಾಡ ಕಣಪ್ಪ, ಬೀಳ್ಸು. ಸುತ್ಗೆಗೇ ತೂಕ ಅದೆ, ನಿನ್ನ ಸಿಟ್ಟು ಯಾಕೆ?" ಎಷ್ಟು ಸಡಿಲವಾಗಿ ಹಿಡೀಬೇಕು ಅನ್ನೋದು ಗೊತ್ತಾಗಿದ್ದು ಆ ಒಂದು ಏಟಿನಲ್ಲಿ. ಅದು ವಿಡಿಯೋದಲ್ಲಿ ಕಾಣೋದಿಲ್ಲ, ಅಲ್ವಾ?

ಮೂರನೇ ವಾರ ಗುಜರಿಯಿಂದ ತಂದ ಲಾರಿ ಕಮಾನ್ ಪಟ್ಟಿ, ಅಂದರೆ ಲಾರಿಯ ಭಾರ ಹೊರೋ ಸ್ಪ್ರಿಂಗ್ ಉಕ್ಕಿನ ಪಟ್ಟಿ, ಕೈಗೆ ಬಂತು. ಹಳೇ ಪಟ್ಟಿಯಲ್ಲಿ ಕಣ್ಣಿಗೆ ಕಾಣದ ಬಿರುಕು ಇರಬಹುದು, ಅದಕ್ಕೆ ಮೊದಲು ತೂಗುಹಾಕಿ ತಟ್ಟಿ ಸದ್ದು ಕೇಳಿದರು. ಕಾಯಿಸಿ, ಬಡಿದು, ಚಾಕುವಿನ ಆಕಾರ ಬಂದ ಮೇಲೆ ಆಚಾರ್ರು ಅದನ್ನು ಬಾಯಿಯ ಕಡೆಗೆ ಕುಡುಗೋಲಿನ ಹಾಗೆ ಬಗ್ಗಿಸಿಬಿಟ್ಟರು. ನೇರವಾಗಿ ಬರಲಿ ಅಂತ ಬೆಳಗಿಂದ ಒದ್ದಾಡಿದ್ದೆ ನಾನು! ಬಾಯಿ ತೆಳ್ಳಗೆ ಮಾಡೋಕೆ ಶುರು ಮಾಡಿದಾಗ ಅರ್ಥವಾಯ್ತು. ಒಂದು ಅಂಚನ್ನೇ ಬಡಿದರೆ ಆ ಅಂಚು ಉದ್ದವಾಗುತ್ತೆ, ಬೆನ್ನಿನ ಕಡೆ ಹಾಗೇ ಉಳಿಯುತ್ತೆ, ಇಡೀ ಚಾಕು ಬೆನ್ನಿನ ಕಡೆಗೆ ಬಾಳೆಕಾಯಿ ಥರ ಬಾಗುತ್ತೆ. ಮೊದಲೇ ಎದುರು ಕಡೆಗೆ ಬಗ್ಗಿಸಿದ್ದರೆ ಬಡಿದ ಹಾಗೆ ತಾನಾಗೇ ನೆಟ್ಟಗಾಗುತ್ತೆ. ನನ್ನ ಡೈರಿಯಲ್ಲಿ ಇದು ಇರಲೇ ಇಲ್ಲ.

ಹದ ಹಾಕುವ ದಿನ, ಅಂದರೆ ಕಾದ ಚಾಕುವನ್ನು ತಟ್ಟನೆ ತಣಿಸಿ ಗಟ್ಟಿ ಮಾಡುವ ದಿನ, ನಾನು ಹಳೇ ಸ್ಪೀಕರಿನ ಮ್ಯಾಗ್ನೆಟ್ ತಗೊಂಡು ಹೋಗಿದ್ದೆ. ಸುಮಾರು 770 ಡಿಗ್ರಿ ದಾಟಿದರೆ ಉಕ್ಕು ಅದಕ್ಕೆ ಅಂಟೋದಿಲ್ಲ. ಆಚಾರ್ರು ನಕ್ಕು, ಬಾಗಿಲಿಗೆ ಗೋಣಿಚೀಲ ಇಳಿಬಿಟ್ಟರು. ಬಿಸಿಲಲ್ಲಿ ಬಣ್ಣ ಮೋಸ ಮಾಡುತ್ತಂತೆ. "ಈಗ ನೋಡು" ಅಂದಾಗ ಮ್ಯಾಗ್ನೆಟ್ ಹಿಡಿದೆ. ಅಂಟಲಿಲ್ಲ. "ಇನ್ನೊಂಚೂರು ಕಾಯ್ಲಿ" ಅಂದರು. ಅದೂ ಸರಿಯೇ, ಅಂಟದ ಮೇಲೆ ಇನ್ನೂ ಸ್ವಲ್ಪ ಕಾಯಬೇಕು ಅಂತ ನಾನೂ ಓದಿದ್ದೆ.

ನೀರಿಗೆ ಬಾಯಿ ಅಷ್ಟೇ ಮುಳುಗಿಸಬೇಕು ಅಂತ ಎರಡು ಸಲ ಹೇಳಿದ್ದರು. ಇಕ್ಕಳದಲ್ಲಿ ಕೆಂಪಗಿರೋ ಚಾಕು ಹಿಡಿದಾಗ ಏನಾಯ್ತೋ, ಗಾಬರಿಗೆ ಪೂರ್ತಿ ಅದ್ದಿಬಿಟ್ಟೆ. "ಟಿಣ್" ಅಂತ ಸಣ್ಣ ಸದ್ದು. ತುದಿಯಿಂದ ಮೂರು ಬೆರಳು ಕೆಳಗೆ ಕೂದಲೆಳೆ ಬಿರುಕು. ಬೈತಾರೆ ಅಂದುಕೊಂಡೆ. "ಕೂಗ್ತಲ್ಲ, ಕೇಳುಸ್ತಾ? ಆ ಸದ್ದ ಮರೀಬ್ಯಾಡ" ಅಂದು ಬೀಡಿ ಹಚ್ಚಿದರು, ಅಷ್ಟೇ. ನನಗೇನೋ ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ಬಿರುಕಿನ ಭಾಗ ಮತ್ತೆ ಕಾಯಿಸಿ ಉಳಿಯಿಂದ ಕಡಿದು ತೆಗೆದೆವು. ಉಳಿದ ಮೋಟು ತುಂಡನ್ನೇ ಮುಂದಿನ ವಾರ ಹೊಸದಾಗಿ ತಟ್ಟಿದೆ. ಈ ಸಲ ನನ್ನ ಮಾತಿಗೆ ಒಪ್ಪಿ, ಬೆಚ್ಚಗಿನ ಎಣ್ಣೆಗೆ ಹಾಕಿದೆವು. ಎಣ್ಣೆಯಲ್ಲಿ ಕಮಾನ್ ಪಟ್ಟಿ ನಿಧಾನಕ್ಕೆ ತಣಿಯುತ್ತೆ, ಸೀಳೋ ಭಯ ಕಡಿಮೆ. ಅರ ಉಜ್ಜಿದರೆ ಗಾಜಿನ ಮೇಲೆ ಉಜ್ಜಿದ ಹಾಗೆ ಜಾರಿತು, ಅಷ್ಟು ಗಟ್ಟಿಯಾಗಿತ್ತು. ಆದರೆ ಹಾಗೇ ಬಿಟ್ಟರೆ ಬಿದ್ದರೆ ಮುರಿಯುತ್ತೆ. ಅದಕ್ಕೆ ಇಟ್ಟಿಗೆ ಚೂರಿನಿಂದ ಉಜ್ಜಿ ಹೊಳಪು ಬರಿಸಿ, ಕೆಂಪಗೆ ಕಾದ ಕಬ್ಬಿಣದ ದಿಮ್ಮಿ ಮೇಲೆ ಬೆನ್ನು ತಾಗಿಸಿ ಹಿಡಿದೆವು. ಬೆನ್ನಿನಿಂದ ಬಣ್ಣ ತೆವಳಿಕೊಂಡು ಇಳಿಯುತ್ತೆ. ಮೊದಲು ಒಣಹುಲ್ಲು, ಆಮೇಲೆ ಬೆಲ್ಲ, ಆಮೇಲೆ ನೇರಳೆ. ಮಚ್ಚಾದರೆ ನೇರಳೆ ಬಾಯಿಗೆ ಬರೋ ತನಕ ಬಿಡ್ತಾರಂತೆ, ಅಡುಗೆಮನೆ ಚಾಕುಗೆ ಒಣಹುಲ್ಲು ಸಾಕು. "ಹಾಕು" ಅಂತ ಅವರು ಹೇಳೋಕೆ ಮುಂಚೆಯೇ ನನ್ನ ಕೈ ನೀರಿಗೆ ಹೋಗಿತ್ತು. ಅವರು ಏನೂ ಅನ್ನಲಿಲ್ಲ, ತಿರುಗಿ ಇದ್ದಿಲು ಕೆದಕಿದರು.

ಹಿಡಿಗೆ ಹುಣಸೆ ಮರ, ಎರಡು ಹಿತ್ತಾಳೆ ಮೊಳೆ. ಮನೇಲಿ ಅಮ್ಮ ಅದರಲ್ಲಿ ದಂಟಿನ ಸೊಪ್ಪು ಹೆಚ್ಚಿ ನೋಡಿದರು. ಬಾಯಿ ಚೆನ್ನಾಗಿದೆ, ಹಿಡಿ ದಪ್ಪ ಆಯ್ತು ಕಣೋ ಅಂದರು. ನಿಜ. ಈ ಭಾನುವಾರ ಕೆರೆಯೋಕೆ ಅರ ತಗೊಂಡು ಕೂರಬೇಕು.