ಅಮೆರಿಕದ ಬಹುಮಹಡಿ ಫ್ಲಾಟಿನಲ್ಲಿ ಡಿಶ್: ಹಾಸನ, ಚಿಕ್ಕಮಗಳೂರಿನಿಂದ ಹೋದವರಿಗೆ

ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ ಡಿಶ್ ಹಾಕಿಸಬೇಕಾದರೆ ಅಂಗಡಿಗೆ ಒಂದು ಫೋನ್ ಸಾಕು. ಹುಡುಗರು ಬಂದು ತಾರಸಿ ಹತ್ತಿ, ನಾಲ್ಕು ಬೋಲ್ಟ್ ಹೊಡೆದು, ಮೀಟರ್ ಹಿಡಿದು ಅತ್ತಿತ್ತ ತಿರುಗಿಸಿ, ಚಾನೆಲ್ ಬರಿಸಿ ಹೋಗುತ್ತಾರೆ. ತಾರಸಿ ನಮ್ಮದು, ಗೋಡೆ ನಮ್ಮದು. ಅಡ್ಡ ಬಂದರೆ ಪಕ್ಕದ ಮನೆಯ ತೆಂಗಿನಮರ, ತೋಟದ ಮನೆಯಾದರೆ ಒಂದೆರಡು ಸಿಲ್ವರ್ ಓಕ್. ಅಮೆರಿಕದ ಹತ್ತನೇ ಮಹಡಿಯ ಬಾಡಿಗೆ ಫ್ಲಾಟಿನಲ್ಲಿ ತಾರಸಿಯೂ ನಮ್ಮದಲ್ಲ, ಹೊರಗೋಡೆಯೂ ನಮ್ಮದಲ್ಲ. ಉಳಿಯುವುದು ಬಾಲ್ಕನಿ ಒಂದೇ. ಆ ಬಾಲ್ಕನಿಯಲ್ಲಿ ಡಿಶ್ ಇಡುವ ಹಕ್ಕನ್ನು ಅಲ್ಲಿನ ಕಾನೂನು ಗಟ್ಟಿಯಾಗಿಯೇ ಕೊಟ್ಟಿದೆ. ಆದರೆ ಬಾಲ್ಕನಿಗೆ ಉಪಗ್ರಹ ಕಾಣಿಸದಿದ್ದರೆ ಹಕ್ಕಿದ್ದೂ ಉಪಯೋಗವಿಲ್ಲ. ಹಾಗಾಗಿ ಕಂಪನಿಗೆ ಫೋನ್ ಮಾಡುವ ಮುಂಚೆ, ಮ್ಯಾನೇಜರ್ ಹತ್ತಿರ ಮಾತಾಡುವ ಮುಂಚೆ, ಆಕಾಶ ನೋಡಿ. ಇನ್ನೂ ಮನೆ ಹುಡುಕುತ್ತಿದ್ದೀರಾದರೆ ಅಗ್ರಿಮೆಂಟಿಗೆ ಸಹಿ ಹಾಕುವ ಮುಂಚೆಯೇ ನೋಡಿ.

ಒಂದು ಸಂಶಯ ಮೊದಲೇ ಪರಿಹರಿಸಿಬಿಡೋಣ. ಊರಿನ ಸೆಟ್‌ಟಾಪ್ ಬಾಕ್ಸನ್ನು ಸೂಟ್‌ಕೇಸಿನಲ್ಲಿ ಕಟ್ಟಿಕೊಂಡು ಹೋದರೆ ಅಲ್ಲಿ ಏನೂ ಬರುವುದಿಲ್ಲ. ಹಾಸನದ ಸಾಲಗಾಮೆ ರಸ್ತೆಯ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್ 1982ರಿಂದ ನೋಡಿಕೊಳ್ಳುತ್ತಿರುವ ಇಸ್ರೋದ ಉಪಗ್ರಹಗಳೂ, ಅಮೆರಿಕದ ಟಿವಿ ಉಪಗ್ರಹಗಳೂ ಭೂಮಧ್ಯರೇಖೆಯ ಮೇಲೆ 35,786 ಕಿಲೋಮೀಟರ್ ಎತ್ತರದ ಒಂದೇ ವರ್ತುಲದಲ್ಲಿವೆ. ಆದರೆ ನಮ್ಮವು ಭೂಮಿಯ ಈ ಮಗ್ಗುಲಲ್ಲಿ, ಅವರವು ಆ ಮಗ್ಗುಲಲ್ಲಿ. ಅಮೆರಿಕದಿಂದ ನೋಡಿದರೆ ನಮ್ಮ ಡಿಟಿಎಚ್ ಉಪಗ್ರಹಗಳೆಲ್ಲ ದಿಗಂತದ ಕೆಳಗೇ ಉಳಿಯುತ್ತವೆ.

ಆಕಾಶ ಅಳೆಯುವುದು

ಹಾಸನ ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಭೂಮಧ್ಯರೇಖೆಗೆ ಹತ್ತಿರ. ಡಿಡಿ ಫ್ರೀ ಡಿಶ್ ಬರುವ 93.5 ಡಿಗ್ರಿ ಪೂರ್ವದ ಉಪಗ್ರಹ ಇಲ್ಲಿಂದ ಆಗ್ನೇಯಕ್ಕೆ, ನೆಲಮಟ್ಟದಿಂದ ಸುಮಾರು 65 ಡಿಗ್ರಿ ಮೇಲೆ ಇದೆ. ಟಾಟಾ ಪ್ಲೇ ಬರುವ 83 ಡಿಗ್ರಿಯದು ಇನ್ನೂ ನೆತ್ತಿಯ ಕಡೆಗೆ, 73ರ ಹತ್ತಿರ. ಅದಕ್ಕೇ ನಮ್ಮೂರಲ್ಲಿ ಎದುರುಮನೆಯ ಎರಡನೇ ಮಹಡಿ ಡಿಶ್‌ಗೆ ಅಷ್ಟಾಗಿ ಅಡ್ಡ ಬರುವುದಿಲ್ಲ. ನ್ಯೂಜೆರ್ಸಿ 40 ಡಿಗ್ರಿಯ ಮೇಲಿದೆ. ಅಲ್ಲಿ ಡಿಶ್ ನೋಡುವುದು ದಕ್ಷಿಣದ ಆಕಾಶದ ಕೆಳಭಾಗವನ್ನು, ಅಂದರೆ ನೇರ ಎದುರಿನ ಕಟ್ಟಡಗಳ ಕಡೆಗೆ.

ಅಲ್ಲಿ ಭಾರತೀಯ ಭಾಷೆಗಳ ಚಾನೆಲ್‌ಗಳಿಗೆ ಜನ ಬಹುಕಾಲದಿಂದ ಹೋಗುತ್ತಿರುವುದು ಡಿಶ್ ನೆಟ್‌ವರ್ಕ್ ಕಂಪನಿಗೆ. ಅದರ ಉಪಗ್ರಹಗಳು ಎರಡು ಗುಂಪಾಗಿವೆ: ಪಶ್ಚಿಮದ ಗುಂಪು 110, 119, 129 ಡಿಗ್ರಿ ಪಶ್ಚಿಮ ರೇಖಾಂಶದಲ್ಲಿ, ಪೂರ್ವದ ಗುಂಪು 61.5 ಮತ್ತು 72.7ರಲ್ಲಿ. ನಿಮಗೆ ಬೇಕಾದ ಕನ್ನಡ ಪ್ಯಾಕ್, ಇಂಗ್ಲಿಷ್ ಚಾನೆಲ್‌ಗಳು ಬರುವ ಉಪಗ್ರಹದಲ್ಲೇ ಇರಬೇಕೆಂದಿಲ್ಲ. ಫೋನಿನಲ್ಲಿ ಕೇಳಬೇಕಾದ ಪ್ರಶ್ನೆ ಇದು: ನನ್ನ ಪಿನ್‌ಕೋಡಿಗೆ ಈ ಚಾನೆಲ್ ಯಾವ ಡಿಗ್ರಿಯಿಂದ ಬರುತ್ತದೆ, ಎಂಥ ಡಿಶ್ ಹಾಕುತ್ತೀರಿ? ಮಾರಾಟದವರಿಗೆ ಗೊತ್ತಿಲ್ಲದಿದ್ದರೆ ತಾಂತ್ರಿಕ ವಿಭಾಗಕ್ಕೆ ಕೊಡಿ ಎನ್ನಿ. ಇದೊಂದು ತಿಳಿಯದೆ ಮುಂದಿನ ಲೆಕ್ಕ ಯಾವುದೂ ಆಗುವುದಿಲ್ಲ.

ಲೆಕ್ಕಕ್ಕೆ ಬೇಕಾದದ್ದು ಎರಡು ಕೋನ: ಉತ್ತರದಿಂದ ಪ್ರದಕ್ಷಿಣೆಯಾಗಿ ಅಳೆದ ದಿಕ್ಕು, ನೆಲಮಟ್ಟದಿಂದ ಅಳೆದ ಎತ್ತರ. ಜೆರ್ಸಿ ಸಿಟಿಯಿಂದ 61.5ಕ್ಕೆ ದಿಕ್ಕು 161 ಡಿಗ್ರಿ, ಎತ್ತರ 41. ಅದೇ ಊರಿಂದ 119ಕ್ಕೆ ದಿಕ್ಕು 237, ಎತ್ತರ ಬರೀ 24–25. ಒಂದೇ ಕಟ್ಟಡದಲ್ಲಿ ಆಗ್ನೇಯದ ಬಾಲ್ಕನಿಗೆ ಮೊದಲನೆಯದು ಮಾತ್ರ ಸಿಕ್ಕೀತು, ನೈರುತ್ಯದ ಬಾಲ್ಕನಿಗೆ ಎರಡನೆಯದು ಮಾತ್ರ. ಶಿಕಾಗೋದಲ್ಲಿ 61.5ಕ್ಕೆ 144 ಮತ್ತು 35, 119ಕ್ಕೆ 222 ಮತ್ತು 32. ಸ್ಯಾನ್ ಹೋಸೆಯಲ್ಲಿ 119 ಹೆಚ್ಚುಕಡಿಮೆ ನೇರ ದಕ್ಷಿಣಕ್ಕೆ, 175 ಡಿಗ್ರಿಗೆ, 46–47 ಎತ್ತರದಲ್ಲಿ ಸಿಗುತ್ತದೆ. ಬಾಲ್ಕನಿ ಉತ್ತರಕ್ಕಿದ್ದರೆ ಅಮೆರಿಕದ ಯಾವ ಊರಲ್ಲೂ ಆಸೆ ಇಟ್ಟುಕೊಳ್ಳಬೇಡಿ. ಆ ಬಾಲ್ಕನಿಯಿಂದ ಡಿಶ್ ಟಿವಿ ಬರುವುದೇ ಇಲ್ಲ.

ದಿಕ್ಸೂಚಿಯ ವಿಷಯದಲ್ಲಿ ನಮ್ಮೂರಿನ ಅಭ್ಯಾಸ ಅಲ್ಲಿ ಮೋಸ ಮಾಡುತ್ತದೆ. ಹಾಸನದಲ್ಲಿ ಕಾಂತೀಯ ಉತ್ತರಕ್ಕೂ ನಿಜವಾದ ಉತ್ತರಕ್ಕೂ ವ್ಯತ್ಯಾಸ ಒಂದೆರಡು ಡಿಗ್ರಿ ಅಷ್ಟೆ, ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ನ್ಯೂಜೆರ್ಸಿಯಲ್ಲಿ ಅದು ಪಶ್ಚಿಮಕ್ಕೆ 12–13 ಡಿಗ್ರಿ. ನಿಜವಾದ 161ಕ್ಕೆ ಮುಳ್ಳು ತೋರಿಸಬೇಕಾದದ್ದು 173–174. ಸ್ಯಾನ್ ಹೋಸೆಯಲ್ಲಿ ಪೂರ್ವಕ್ಕೆ ಸುಮಾರು 13, ಅಲ್ಲಿ 175ಕ್ಕೆ ಮುಳ್ಳು 162 ತೋರಿಸಬೇಕು. ಮೊಬೈಲಿನ ದಿಕ್ಸೂಚಿಯಲ್ಲಿ ನಿಜ ಉತ್ತರದ ಆಯ್ಕೆ ಇದ್ದರೆ ಅದನ್ನು ಆನ್ ಮಾಡಿಕೊಳ್ಳಿ. ಆದರೂ ಬಾಲ್ಕನಿಯ ಕಬ್ಬಿಣದ ಕಂಬಿ, ಸ್ಲ್ಯಾಬಿನೊಳಗಿನ ಸರಳು ಮುಳ್ಳನ್ನು ಎಳೆಯುತ್ತವೆ. ಅದಕ್ಕಿಂತ ನಂಬಿಕೆಯ ದಾರಿ ಎಂದರೆ ನಕ್ಷೆಯ ಆ್ಯಪಿನ ಮೇಲಿಂದ ತೆಗೆದ ಚಿತ್ರದಲ್ಲಿ ನಿಮ್ಮ ಕಟ್ಟಡದ ಗೋಡೆ ಯಾವ ಕೋನದಲ್ಲಿದೆ ಎಂದು ನೋಡಿ, ಅಲ್ಲಿಂದ ದಿಕ್ಕು ಎಳೆಯುವುದು.

ಸೂರ್ಯನನ್ನೂ ಬಳಸಿಕೊಳ್ಳಬಹುದು. ಮಾರ್ಚ್ ಮೊದಲ ವಾರದಲ್ಲಿ ಮತ್ತು ಅಕ್ಟೋಬರ್ ಎರಡನೇ ವಾರದ ಆಸುಪಾಸಿನಲ್ಲಿ ಸೂರ್ಯ ದಿನಕ್ಕೊಮ್ಮೆ ಈ ಉಪಗ್ರಹಗಳ ಹಿಂದೆಯೇ ಹಾದುಹೋಗುತ್ತಾನೆ. ಆಗ ಕೆಲವು ನಿಮಿಷ ಚಿತ್ರ ಕೆಡುವುದೂ ಅದಕ್ಕೇ. ಸೂರ್ಯ ಆ ದಿಕ್ಕಿಗೆ ಬಂದ ಹೊತ್ತಿನಲ್ಲಿ, ಜೆರ್ಸಿ ಸಿಟಿಯ 61.5ಕ್ಕಾದರೆ ಬೆಳಗ್ಗೆ ಹನ್ನೊಂದು–ಹನ್ನೆರಡರ ನಡುವೆ, ಡಿಶ್ ಇಡಬೇಕೆಂದಿರುವ ಜಾಗಕ್ಕೆ ನೇರ ಬಿಸಿಲು ಬಿದ್ದರೆ ದಾರಿ ತೆರೆದಿದೆ ಎಂದೇ ಅರ್ಥ. ನೆರಳಿದ್ದರೆ ಆ ನೆರಳು ಯಾವುದರದ್ದು ಎಂದು ಹುಡುಕಿ. ಅದೇ ನಿಮ್ಮ ಅಡ್ಡಿ.

ಬೇರೆ ತಿಂಗಳಲ್ಲಾದರೆ ಲೆಕ್ಕ ಹಾಕಿ. ಎದುರು ಕಟ್ಟಡ 40 ಮೀಟರ್ ದೂರದಲ್ಲಿದೆ, ಉಪಗ್ರಹದ ಎತ್ತರ 25 ಡಿಗ್ರಿ ಎಂದಿಟ್ಟುಕೊಳ್ಳಿ. ಆ ಕಟ್ಟಡ ನಿಮ್ಮ ಬಾಲ್ಕನಿಗಿಂತ 18 ಮೀಟರಿಗೂ ಹೆಚ್ಚು, ಅಂದರೆ ಹತ್ತಿರಹತ್ತಿರ ಆರು ಮಹಡಿ, ಎದ್ದಿದ್ದರೆ ಸಿಗ್ನಲ್ ಸಿಗದು. 41 ಡಿಗ್ರಿಯಾದರೆ 34 ಮೀಟರಿನವರೆಗೂ ಚಿಂತೆಯಿಲ್ಲ. ಬಾಡಿಗೆಗೆ ಎರಡು ಫ್ಲಾಟ್ ಸಿಗುವಂತಿದ್ದು ಟಿವಿ ನಿಮಗೆ ಮುಖ್ಯವಾದರೆ ಮೇಲಿನದನ್ನೇ ಹಿಡಿಯಿರಿ. ಇನ್ನೊಂದು ಅಡ್ಡಿ ತಲೆಯ ಮೇಲೇ ಇರುತ್ತದೆ, ಅದು ಮೇಲಿನ ಮನೆಯ ಬಾಲ್ಕನಿ ಸ್ಲ್ಯಾಬ್. 41 ಡಿಗ್ರಿಯಲ್ಲಿ ನೋಡುವ ಡಿಶ್ ಸ್ಲ್ಯಾಬಿನ ಅಂಚಿನಿಂದ ಒಂದು ಮೀಟರ್ ಒಳಗಿದ್ದರೆ, ಅದರ ಮೇಲ್ತುದಿ ಸ್ಲ್ಯಾಬಿಗಿಂತ ಕನಿಷ್ಠ 90 ಸೆಂಟಿಮೀಟರ್ ಕೆಳಗಿರಬೇಕು. ಆದ್ದರಿಂದ ಡಿಶ್ ಕಂಬಿಗೆ ಹತ್ತಿರ, ತಗ್ಗಿನಲ್ಲಿ ಇರಲಿ. ಗಾಜಿನ ಬಾಗಿಲ ಹಿಂದೆ, ಮನೆಯೊಳಗೆ ಇಡುತ್ತೇನೆ ಎಂದರೆ ಆಗದು. ಈಗಿನ ಕಟ್ಟಡಗಳ ಗಾಜಿಗೆ ಶಾಖ ತಡೆಯುವ ತೆಳು ಲೋಹದ ಲೇಪನ ಇರುತ್ತದೆ, 12 ಗಿಗಾಹರ್ಟ್ಸ್ ಅಲೆಗಳನ್ನು ಅದು ಹಿಂದಕ್ಕೆ ಅಟ್ಟುತ್ತದೆ.

ಬಾಲ್ಕನಿಯ ಹಕ್ಕು

ಅಗ್ರಿಮೆಂಟಿನಲ್ಲಿ ಡಿಶ್ ಹಾಕಕೂಡದು ಎಂದು ಬರೆದಿದ್ದನ್ನು ನೋಡಿಯೇ ಬಹಳ ಜನ ಕೈಬಿಡುತ್ತಾರೆ. ಬಿಡಬೇಕಾಗಿಲ್ಲ. 1996ರ ದೂರಸಂಪರ್ಕ ಕಾಯ್ದೆಯ ಆಧಾರದ ಮೇಲೆ ಅಲ್ಲಿನ ಫೆಡರಲ್ ಕಮ್ಯುನಿಕೇಶನ್ಸ್ ಕಮಿಷನ್, ಅಂದರೆ ಎಫ್‌ಸಿಸಿ, ಓಟಾರ್ಡ್ ಎಂಬ ನಿಯಮ ಮಾಡಿದೆ. ಅದು ಅದೇ ವರ್ಷದ ಅಕ್ಟೋಬರಿನಲ್ಲಿ ಜಾರಿಗೆ ಬಂತು. 1999ರ ಜನವರಿಯಿಂದ ಬಾಡಿಗೆದಾರರಿಗೂ ಅನ್ವಯಿಸುತ್ತದೆ. ನಿಮ್ಮೊಬ್ಬರ ಬಳಕೆಗೆ ಮಾತ್ರ ಬಿಟ್ಟ ಜಾಗದಲ್ಲಿ, ಬಾಲ್ಕನಿ, ಡೆಕ್, ಪ್ಯಾಟಿಯೋ ಯಾವುದೇ ಆಗಲಿ, ಒಂದು ಮೀಟರ್ ಅಥವಾ ಅದಕ್ಕಿಂತ ಕಡಿಮೆ ವ್ಯಾಸದ ಡಿಶ್ ಇಡುವುದನ್ನು ಮನೆ ಮಾಲೀಕರೋ ಸಂಘವೋ ತಡೆಯುವಂತಿಲ್ಲ. ವಿನಾಕಾರಣ ತಡ ಮಾಡುವಂತಿಲ್ಲ, ಅತಿಯಾಗಿ ಖರ್ಚು ಹೇರುವಂತಿಲ್ಲ, ಸಿಗ್ನಲ್ ಸಿಗದ ಮೂಲೆಯಲ್ಲೇ ಇಡು ಎನ್ನುವಂತಿಲ್ಲ. ನಿಯಮದ ಸಂಖ್ಯೆ 47 ಸಿಎಫ್‌ಆರ್ 1.4000. ಮ್ಯಾನೇಜರಿಗೆ ಬರೆಯುವ ಪತ್ರದಲ್ಲಿ ಇದನ್ನು ನಮೂದಿಸಿ, ಮಾತಿನ ಧಾಟಿಯೇ ಬದಲಾಗುತ್ತದೆ.

ಆದರೆ ಹಕ್ಕಿನ ಗಡಿಯನ್ನೂ ಅಷ್ಟೇ ಚೆನ್ನಾಗಿ ತಿಳಿದಿರಬೇಕು. ಛಾವಣಿ, ಹೊರಗೋಡೆ, ಓಣಿ, ಮೆಟ್ಟಿಲು ಎಲ್ಲರಿಗೂ ಸೇರಿದ ಜಾಗ, ಅಲ್ಲಿಗೆ ಈ ನಿಯಮ ಬರುವುದಿಲ್ಲ. ಡಿಶ್ಶಿನ ಒಂದು ಅಂಚು ಕಂಬಿಯಾಚೆ ಗಾಳಿಯಲ್ಲಿ ಚಾಚಿದ್ದರೂ ರಕ್ಷಣೆ ತಪ್ಪುತ್ತದೆ. ಜಗಳವಾಗುವುದು ಹೆಚ್ಚಾಗಿ ಇಲ್ಲೇ: ನಮ್ಮೂರಲ್ಲಿ ಮಾಡುವ ಹಾಗೆ ಕ್ಲಾಂಪ್ ಹಾಕಿ ಹೊರಮುಖವಾಗಿ ತೂಗುಬಿಟ್ಟರೆ ಮಾಲೀಕರು ತೆಗೆಸಬಹುದು, ತೆಗೆಸುತ್ತಾರೆ ಕೂಡ. ಹೊರಗೋಡೆಗೆ ತೂತು ಕೊರೆಯುವುದನ್ನು ಬೇಡವೆನ್ನುವ ಅಧಿಕಾರವೂ ಅವರಿಗಿದೆ. ಬೆಂಕಿ ಬಿದ್ದಾಗ ಇಳಿಯುವ ಹೊರಮೆಟ್ಟಿಲಿನ ಮೇಲೆ ಡಿಶ್ ಇಡಬಾರದು ಎಂಬಂಥ ನಿಜವಾದ ಸುರಕ್ಷತೆಯ ಷರತ್ತು, ಐತಿಹಾಸಿಕ ಕಟ್ಟಡದ ಷರತ್ತು ಇವೆರಡೂ ಊರ್ಜಿತ. ಇನ್ನೊಂದು ವಿನಾಯಿತಿ: ಕಟ್ಟಡಕ್ಕೆಲ್ಲ ಒಂದು ಸಾಮೂಹಿಕ ಡಿಶ್ ಇದ್ದು, ನಿಮಗೆ ಬೇಕಾದ ಅದೇ ಸೇವೆ ಅದೇ ಗುಣಮಟ್ಟದಲ್ಲಿ, ಹೆಚ್ಚು ಖರ್ಚಿಲ್ಲದೆ ಅದರಿಂದ ಸಿಗುವಂತಿದ್ದರೆ ಬೇರೆ ಡಿಶ್ ಬೇಡ ಎನ್ನಬಹುದು. ಆ ಸಾಮೂಹಿಕ ಡಿಶ್ಶಿನಲ್ಲಿ ಕನ್ನಡ ಪ್ಯಾಕ್ ಬರುತ್ತದೆಯೇ ಎಂದು ಬರಹದಲ್ಲಿ ಕೇಳಿ. ಬರುವುದಿಲ್ಲ ಎಂಬ ಉತ್ತರ ಸಿಕ್ಕರೆ ಅದೇ ನಿಮ್ಮ ಕೈಯಲ್ಲಿರುವ ಆಧಾರ.

ಸಾಮಾನ್ಯವಾಗಿ ಮುಂಚಿತ ಅನುಮತಿ ಬೇಕಿಲ್ಲವಾದರೂ ಒಂದು ಇಮೇಲ್ ಕಳಿಸಿ. ಡಿಶ್ಶಿನ ಅಳತೆ, ಇಡುವ ಜಾಗ, ತೂತು ಕೊರೆಯುವುದಿಲ್ಲ, ಕಂಬಿಯಾಚೆ ಚಾಚುವುದಿಲ್ಲ ಎಂಬ ನಾಲ್ಕು ಮಾತು ಇದ್ದರೆ ಸಾಕು, ಜೊತೆಗೆ ಬಾಲ್ಕನಿಯ ಫೋಟೋ. ಅದಕ್ಕೂ ಮಣಿಯದಿದ್ದರೆ ಎಫ್‌ಸಿಸಿಗೆ ಅರ್ಜಿ ಹಾಕಬಹುದು. ತಮ್ಮ ನಿರ್ಬಂಧ ಸರಿ ಎಂದು ಸಾಬೀತು ಮಾಡುವ ಹೊಣೆ ಅದನ್ನು ಹೇರಿದವರದ್ದು. ಅರ್ಜಿ ವಿಚಾರಣೆಯಲ್ಲಿರುವಾಗ, ಸುರಕ್ಷತೆ ಮತ್ತು ಐತಿಹಾಸಿಕ ಕಾರಣದ ಷರತ್ತುಗಳನ್ನು ಬಿಟ್ಟರೆ, ಡಿಶ್ ತೆಗೆಸುವಂತಿಲ್ಲ.

ಕೊರೆಯದೆ ನಿಲ್ಲಿಸುವುದು

ಎರಡು ದಾರಿ ಇವೆ. ಒಂದು ತ್ರಿಪಾದಿ ಅಥವಾ ಚಪ್ಪಟೆ ಸ್ಟ್ಯಾಂಡ್, ಮೇಲೆ ಕಾಂಕ್ರೀಟ್ ಇಟ್ಟಿಗೆಯ ಭಾರ. ಇನ್ನೊಂದು ಐದು ಗ್ಯಾಲನ್ನಿನ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕಾಂಕ್ರೀಟ್ ತುಂಬಿ ನಡುವೆ ಪೈಪ್ ನಿಲ್ಲಿಸುವುದು. ಭರ್ತಿಯಾದ ಬಕೆಟ್ ಸುಮಾರು 44 ಕಿಲೋ ತೂಗುತ್ತದೆ, ಆದ್ದರಿಂದ ಲಿಫ್ಟಿನಲ್ಲಿ ಒಣ ಪುಡಿ ತಂದು ಬಾಲ್ಕನಿಯಲ್ಲೇ ಕಲಸಿ. ಪೈಪಿನ ಹೊರವ್ಯಾಸ ನಿಮ್ಮ ಡಿಶ್ಶಿನ ಹಿಡಿಕೆಗೆ ಹೊಂದಬೇಕು. ಹಲವು ಉಪಗ್ರಹ ಹಿಡಿಯುವ ದೊಡ್ಡ ಡಿಶ್‌ಗಳಿಗೆ ಸಾಮಾನ್ಯವಾಗಿ ಎರಡು ಇಂಚಿನದು ಬೇಕು. ಕಾಂಕ್ರೀಟ್ ಗಟ್ಟಿಯಾಗುವ ಮುಂಚೆ ಪೈಪಿನ ಎರಡು ಪಕ್ಕಕ್ಕೂ ರಸಮಟ್ಟ ಹಿಡಿದು ನೆಟ್ಟಗೆ ಮಾಡಿ. ಪೈಪ್ ವಾಲಿದ್ದರೆ ಡಿಶ್ ಮೇಲಿನ ಎತ್ತರದ ಗುರುತು ಸುಳ್ಳು ಹೇಳುತ್ತದೆ. ತಿರುಗಿಸಿದಷ್ಟೂ ಎತ್ತರ ಬದಲಾಗುತ್ತಾ ಹೋಗಿ ಸಿಗ್ನಲ್ ಕೈಗೆ ಸಿಗದು.

ಭಾರದಲ್ಲಿ ಕಂಜೂಸಿ ಬೇಡ. ಗಂಟೆಗೆ ನೂರು ಕಿಲೋಮೀಟರ್ ಗಾಳಿ ಅರ್ಧ ಮೀಟರ್ ಅಗಲದ ಡಿಶ್ಶನ್ನು ಹನ್ನೊಂದು ಕಿಲೋದಷ್ಟು ಬಲದಿಂದ ತಳ್ಳುತ್ತದೆ, ದೊಡ್ಡದಾದರೆ ಅದರ ಎರಡರಷ್ಟು. ಎತ್ತರದ ಮಹಡಿಗಳಲ್ಲಿ ಗಾಳಿಯೂ ಜೋರು. ಡಿಶ್ ಒಂದೂವರೆ, ಎರಡು ಡಿಗ್ರಿ ಅಲುಗಿದರೆ ಸಾಕು, ಚಿತ್ರ ಹೋಗುತ್ತದೆ. ಹತ್ತನೇ ಮಹಡಿಯಿಂದ ಡಿಶ್ ಕೆಳಗೆ ಬಿದ್ದರೆ ಅದು ಟಿವಿಯ ವಿಷಯವಾಗಿ ಉಳಿಯುವುದಿಲ್ಲ. ಸ್ಟ್ಯಾಂಡಿನಿಂದ ಕಂಬಿಗೆ ಒಂದು ಉಕ್ಕಿನ ತಂತಿ ಕಟ್ಟಿಯೇ ಇಡಿ.

ಕೇಬಲ್ ಆರ್‌ಜಿ–6 ಆಗಿರಲಿ. ಹಳೆಯ ಆರ್‌ಜಿ–59 ಈ ಆವರ್ತನಕ್ಕೆ ಸಾಲದು. ಬಾಗಿಲ ಸಂದಿಯಲ್ಲಿ ತೂರಿಸಲು ಒಂದು ಅಡಿಯಷ್ಟು ಉದ್ದದ ಚಪ್ಪಟೆ ಕೇಬಲ್ ಸಿಗುತ್ತದೆ, ಬಾಗಿಲ ಹಳಿಯ ಪಕ್ಕದಲ್ಲಿ ಹಾಯಿಸಿ. ಸರಿಯುವ ಬಾಗಿಲು ದಿನವೂ ಅದನ್ನು ಜಜ್ಜಿದರೆ ಕೆಲವು ತಿಂಗಳಲ್ಲಿ ಒಳಗೆ ತುಂಡಾಗುತ್ತದೆ. ಆಗ ಕೆಲವೇ ಚಾನೆಲ್ ಮಾಯವಾಗುವುದುಂಟು. ಅಂಥ ಹೊತ್ತಿನಲ್ಲಿ ಡಿಶ್ ತಿರುಗಿಸಲು ಹೋಗದೆ ಮೊದಲು ಚಪ್ಪಟೆ ತುಂಡನ್ನು ಬದಲಿಸಿ ನೋಡಿ. ಹೊರಗಿನ ಕನೆಕ್ಟರಿಗೆ ಬರುವ ಮೊದಲು ಕೇಬಲ್ ಒಮ್ಮೆ ಕೆಳಕ್ಕೆ ಬಾಗಿ ಬರಲಿ, ಮಳೆನೀರು ಅಲ್ಲೇ ತೊಟ್ಟಿಕ್ಕುತ್ತದೆ. ಗೋಡೆಯಲ್ಲಿ ಮೊದಲೇ ಇರುವ ಟಿವಿ ಸಾಕೆಟ್ ಬಹುಪಾಲು ಕೇಬಲ್ ಕಂಪನಿಯ ಜಾಲಕ್ಕೆ ಸೇರಿರುತ್ತದೆ, ಕೇಳದೆ ಅದಕ್ಕೆ ಜೋಡಿಸಬೇಡಿ. ಅರ್ತಿಂಗ್‌ಗೆ ಅಲ್ಲಿನ ವಿದ್ಯುತ್ ಸಂಹಿತೆ 10 ಗೇಜಿಗಿಂತ ತೆಳುವಲ್ಲದ ತಾಮ್ರದ ತಂತಿ ಕೇಳುತ್ತದೆ. ಇದನ್ನು ಕಂಪನಿಯ ತಂತ್ರಜ್ಞರಿಂದಲೇ ಮಾಡಿಸಿ.

ಮೂಡಿಗೆರೆ, ಸಕಲೇಶಪುರದವರಿಗೆ ಆಷಾಢದ ಮಳೆಯಲ್ಲಿ ಚಿತ್ರ ಹೋಗುವುದು ಹೊಸದಲ್ಲ. ಅಲ್ಲಿ ಮಳೆಯ ಜೊತೆಗೆ ಹಿಮವೂ ಇದೆ. ಬೀಳುವ ಹಿಮಕ್ಕಿಂತ ಡಿಶ್ಶಿಗೂ, ಅದರ ಮುಂದಿನ ತೋಳಿನ ತುದಿಯಲ್ಲಿ ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿ ಮೂತಿಗೂ ಅಂಟಿದ ಒದ್ದೆ ಹಿಮವೇ ತೊಂದರೆ. ಮೆತ್ತನೆ ಬ್ರಷ್ಷಿನಿಂದ ಗುಡಿಸಿ, ಬಿಸಿನೀರು ಸುರಿಯಬೇಡಿ, ಕೆರೆಯಬೇಡಿ. ಬಾಲ್ಕನಿಯ ಡಿಶ್ ಕೈಗೆ ಸಿಗುವುದರಿಂದ ಇಷ್ಟು ಅನುಕೂಲವಂತೂ ಇದೆ.

ಹಣದ ವಿಷಯದಲ್ಲಿ ಎರಡೇ ಮಾತು. ಡಿಶ್ ಸಂಪರ್ಕ ಸಾಮಾನ್ಯವಾಗಿ ಎರಡು ವರ್ಷದ ಕರಾರಿನ ಮೇಲೆ ಬರುತ್ತದೆ, ನಡುವೆ ಬಿಟ್ಟರೆ ದಂಡ. ಹೊಸದಾಗಿ ಹೋದವರಿಗೆ ಕ್ರೆಡಿಟ್ ಇತಿಹಾಸವೂ ಅಡ್ಡ ಬರಬಹುದು. ಮನೆ ಬದಲಿಸಿದಾಗ ಹೊಸ ಬಾಲ್ಕನಿಗೆ ಉಪಗ್ರಹ ಕಾಣದಿದ್ದರೆ ಕರಾರು ಏನಾಗುತ್ತದೆ ಎಂಬುದನ್ನು ಸಹಿಗೆ ಮುಂಚೆ ಬರಹದಲ್ಲಿ ಪಡೆಯಿರಿ. ಅರಸೀಕೆರೆಯಿಂದಲೋ ಕಡೂರಿನಿಂದಲೋ ಅಪ್ಪ ಅಮ್ಮ ಆರು ತಿಂಗಳಿಗೆ ಬರುತ್ತಾರೆ, ಅವರ ಧಾರಾವಾಹಿ ತಪ್ಪಬಾರದು ಎಂಬುದಷ್ಟೇ ಕಾರಣವಾದರೆ ಡಿಶ್ ಗೊಡವೆ ಬೇಡ. ಇಂಟರ್ನೆಟ್ ಮೂಲಕ ಸಿಗುವ ಕನ್ನಡ ಪ್ಯಾಕನ್ನು ತಿಂಗಳ ಲೆಕ್ಕದಲ್ಲಿ ತೆಗೆದುಕೊಂಡು, ಅವರಿಗೆ ಅಭ್ಯಾಸವಿರುವಂತೆ ಅಂಕಿಯ ಗುಂಡಿಗಳಿರುವ ದೊಡ್ಡ ರಿಮೋಟ್ ಒಂದನ್ನು ಜೋಡಿಸಿಕೊಡಿ.