ನೆಂಟರಿಗೆ ಹಳೆ ಊಟಿ ತೋರಿಸೋದು ಹೇಗೆ

ಮೈಸೂರು, ಚಾಮರಾಜನಗರ ಕಡೆಯಿಂದ ನೆಂಟರು ಬಂದರೆ ನೀಲಗಿರಿಯಲ್ಲಿರುವ ನಮಗೆ ಊಟಿ ತೋರಿಸೋ ಡ್ಯೂಟಿ ಗ್ಯಾರಂಟಿ. ಸುಮ್ನೆ ಬೋಟ್ ಹೌಸ್ ಕ್ಯೂನಲ್ಲಿ ನಿಲ್ಲಿಸಿ, ಚಾಕೊಲೇಟ್ ಕೊಡಿಸಿ ಕಳಿಸಬೇಡಿ. ಬ್ರಿಟಿಷರ ಕಾಲದ ಊಟಿಯನ್ನು ಅರ್ಧ ದಿನದಲ್ಲಿ ನಡೆದೇ ತೋರಿಸಬಹುದು. ಗೈಡ್ ಯಾಕೆ, ನೀವೇ ಸಾಕು.

ಮೇಲಿನಿಂದ ಶುರು ಮಾಡಿ. ಊಟಿ ಇರೋದು ಸುಮಾರು 2,240 ಮೀಟರ್ ಎತ್ತರದಲ್ಲಿ, ಬಯಲುಸೀಮೆಯಿಂದ ಬಂದ ದೊಡ್ಡಮ್ಮನಿಗೆ ಹತ್ತು ಹೆಜ್ಜೆ ಏರಿದರೂ ಏದುಸಿರು ಬರುತ್ತದೆ. ಹಾಗಾಗಿ ಬಸ್ ಸ್ಟ್ಯಾಂಡಿನಿಂದ ಸೇಂಟ್ ಸ್ಟೀಫನ್ಸ್ ಚರ್ಚ್‌ವರೆಗೆ ಆಟೋ ಹಿಡಿಯಿರಿ.

ಇಲ್ಲಿ ಅವಸರ ಬೇಡ. 1829ರಲ್ಲಿ ಅಡಿಗಲ್ಲು ಹಾಕಿದ ಚರ್ಚ್ ಇದು. ಒಳಗೆ ಹೋದ ತಕ್ಷಣ ಬಣ್ಣದ ಗಾಜು ತೋರಿಸಬೇಡಿ, ಅದನ್ನು ಅವರೇ ನೋಡುತ್ತಾರೆ. ತಲೆ ಎತ್ತಿ ತೊಲೆ ನೋಡಿ ಅನ್ನಿ. ಆ ಮರ ಶ್ರೀರಂಗಪಟ್ಟಣದ್ದು! ಟಿಪ್ಪುವಿನ ಲಾಲ್‌ಬಾಗ್ ಅರಮನೆಯನ್ನು ಕೆಡವಿ, ಅದರ ಮರಮುಟ್ಟನ್ನು ಘಾಟಿ ಹತ್ತಿಸಿ ಇಲ್ಲಿಗೆ ತಂದರು, ಎಳೆದದ್ದು ಆನೆಗಳು ಅಂತಾರೆ. ಶ್ರೀರಂಗಪಟ್ಟಣಕ್ಕೆ ಹತ್ತು ಸಲ ಹೋಗಿಬಂದವರೂ ಇದನ್ನು ಕೇಳಿ ಸುಮ್ಮನಾಗಿ ಮೇಲೆ ನೋಡುತ್ತಾರೆ. ಭಾನುವಾರ ಬೆಳಿಗ್ಗೆ ಮಾತ್ರ ಬೇಡ, ಪ್ರಾರ್ಥನೆ ಇರುತ್ತದೆ. ಹಿಂದಿನ ಗುಡ್ಡದ ಸ್ಮಶಾನದಲ್ಲಿ ಜಾನ್ ಸಲಿವನ್‌ನ ಹೆಂಡತಿ, ಮಗಳ ಸಮಾಧಿ ಇವೆ.

ಈ ಸಲಿವನ್ ಕೊಯಮತ್ತೂರಿನ ಕಲೆಕ್ಟರ್ ಆಗಿದ್ದವನು. ಇವತ್ತಿನ ಊಟಿಗೆ ಬುನಾದಿ ಹಾಕಿದ್ದು, ಕೆರೆ ಕಟ್ಟಿಸಿದ್ದು ಅವನೇ. 1822ರಲ್ಲಿ ಕಟ್ಟಿಸಲು ಶುರು ಮಾಡಿದ ಅವನ ಕಲ್ಲಿನ ಮನೆ, ಸ್ಟೋನ್ ಹೌಸ್, ಈಗ ಸರ್ಕಾರಿ ಕಲಾ ಕಾಲೇಜಿನ ಕಡೆ ಇದೆ. ಗೇಟಿನಲ್ಲಿ ಕೇಳಿ, ಬಿಟ್ಟರೆ ನೋಡಿ, ಇಲ್ಲದಿದ್ದರೆ ಮುಂದೆ ಹೋಗಿ.

ನೀಲಗಿರಿ ಲೈಬ್ರರಿಗೂ ಊಟಿ ಕ್ಲಬ್ಬಿಗೂ ಮೆಂಬರ್‌ಗಳಿಗೆ ಮಾತ್ರ ಪ್ರವೇಶ, ವಾಚ್‌ಮನ್ ಜೊತೆ ವಾದ ಮಾಡಿ ಪ್ರಯೋಜನ ಇಲ್ಲ. ಲೈಬ್ರರಿ ಕಟ್ಟಡದ ನಕ್ಷೆ ಮಾಡಿದವನು ರಾಬರ್ಟ್ ಚಿಸಮ್, ಚೆನ್ನೈನ ಸೆನೆಟ್ ಹೌಸ್ ಕೂಡ ಅವನದೇ. ಜೊತೆಯಲ್ಲಿ ಹುಡುಗರಿದ್ದರೆ ಕ್ಲಬ್ ಬಗ್ಗೆ ಹೇಳಿ: ಸ್ನೂಕರ್ ಆಟದ ನಿಯಮಗಳನ್ನು 1882ರಲ್ಲಿ ಬರೆದು ಹಾಕಿದ್ದು ಅಲ್ಲೇ.

ಆಮೇಲೆ ಕಮರ್ಷಿಯಲ್ ರೋಡಿಗೆ ಇಳಿಯಿರಿ. ಇಷ್ಟರಲ್ಲಿ ಎಲ್ಲರಿಗೂ ಹಸಿವಾಗಿರುತ್ತದೆ, ಬಿಸಿ ಟೀ ಜೊತೆ ವರ್ಕಿ, ಅಂದರೆ ಇಲ್ಲಿನ ಗರಿಗರಿ ಬಿಸ್ಕತ್ತು, ಕೊಡಿಸಿ. ಪದರ ಪದರವಾಗಿ ಉದುರುತ್ತದೆ, ಟೀಯಲ್ಲಿ ಅದ್ದಿದರೆ ಬೇಗ ಬಾಯಿಗೆ ಹಾಕಿಕೊಳ್ಳಬೇಕು. ಚೇರಿಂಗ್ ಕ್ರಾಸ್‌ನಲ್ಲಿ ಆಡಮ್ಸ್ ಕಾರಂಜಿ ಇದೆ, ಮದ್ರಾಸ್ ಗವರ್ನರ್ ಆಗಿದ್ದ ಆಡಮ್ ನೆನಪಿಗೆ ಕಟ್ಟಿದ್ದು. ಫೋಟೋಗೆ ಚೆಂದ, ಆದರೆ ಟ್ರಾಫಿಕ್ ಜಾಸ್ತಿ, ಮಕ್ಕಳ ಕೈ ಬಿಡಬೇಡಿ.

ಇನ್ನೆರಡು ಮಾತು. ನೀರಿಗೆ ಸ್ಟೀಲ್ ಬಾಟಲಿ ತನ್ನಿ ಅಂತ ನೆಂಟರಿಗೆ ಮೊದಲೇ ಹೇಳಿ, ಜಿಲ್ಲೆಯಲ್ಲಿ ಬಳಸಿ ಬಿಸಾಡೋ ಪ್ಲಾಸ್ಟಿಕ್ ಬಾಟಲಿಗೆ ನಿಷೇಧ ಇದೆ. ಬಿಸಿಲಿದ್ದರೂ ಸ್ವೆಟರ್, ಕೊಡೆ ಎರಡೂ ಇರಲಿ.

ಕಾಲಲ್ಲಿ ಶಕ್ತಿ ಉಳಿದಿದ್ದರೆ ಕೊನೆಗೆ ಬೊಟಾನಿಕಲ್ ಗಾರ್ಡನ್, 1848ರದ್ದು. ಹುಲ್ಲುಹಾಸಿನಲ್ಲೇ ಕೂತುಬಿಡಬೇಡಿ, ಮೇಲ್ಭಾಗದಲ್ಲಿ ತೋಡ ಬುಡಕಟ್ಟಿನವರ ಮಂದ್, ಅಂದರೆ ಅವರ ಹಟ್ಟಿ, ಇದೆ. ಸಲಿವನ್ ಬರೋಕೆ ಎಷ್ಟೋ ಮೊದಲೇ ಈ ಬೆಟ್ಟದಲ್ಲಿ ಎಮ್ಮೆ ಮೇಯಿಸುತ್ತಿದ್ದವರು ಅವರು, ಅವರನ್ನು ಬಿಟ್ಟು ಊಟಿಯ ಕತೆ ಹೇಳಿದರೆ ಅರ್ಧ ಕತೆ ಅಷ್ಟೇ ಅಲ್ವಾ? ಅಲ್ಲಿ ಈಗಲೂ ಜನ ವಾಸ ಇದ್ದಾರೆ, ಕೇಳದೆ ಮೊಬೈಲ್ ಹಿಡಿಯಬೇಡಿ.