ಬಿಲ್ಲಿನ ಹೊಸ ಸಾಲುಗಳನ್ನು ಓದುವುದು ಹೇಗೆ, ಪ್ರಶ್ನಿಸುವುದು ಹೇಗೆ

ಭಾನುವಾರ ಬೆಳಿಗ್ಗೆ ತಿಂಡಿಯ ತಟ್ಟೆಗಳನ್ನು ಎತ್ತಿದ ಕೂಡಲೇ ನಮ್ಮ ಮನೆಯ ಊಟದ ಮೇಜಿನ ಮೇಲೆ ಬಿಲ್ಲುಗಳು ಹರಡಿಕೊಳ್ಳುತ್ತವೆ. ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿದವಳು ನಾನು. ಮೊದಲು ಬೀದಿಯವರು ಮಕ್ಕಳ ಲೆಕ್ಕ ಹಿಡಿದು ಬರುತ್ತಿದ್ದರು, ಈಗ ಮನೆಯ ಲೆಕ್ಕ ಹಿಡಿದು ಬರುತ್ತಾರೆ. 2025ರ ಏಪ್ರಿಲ್‌ನಿಂದ ಬರುವವರು ಹೆಚ್ಚಾದರು. ಆ ಒಂದೇ ತಿಂಗಳಲ್ಲಿ ನಂದಿನಿ ಹಾಲು 4 ರೂಪಾಯಿ ಏರಿತು, ವಿದ್ಯುತ್ ಬಿಲ್ಲಿನಲ್ಲಿ ಪಿಂಚಣಿಯ ಹೆಸರಿನದೊಂದು ಸಾಲು ಸೇರಿತು, ಬೆಂಗಳೂರಿನ ಆಸ್ತಿ ತೆರಿಗೆಗೆ ಕಸದ ಬಳಕೆದಾರರ ಶುಲ್ಕ ಅಂಟಿಕೊಂಡಿತು, ಹನ್ನೊಂದು ವರ್ಷ ಏರದೆ ಇದ್ದ ನಗರದ ಕುಡಿಯುವ ನೀರಿನ ದರವೂ ಏರಿತು.

ಸಿಟ್ಟು ನನಗೂ ಇದೆ. ಪಿಂಚಣಿಯಲ್ಲಿ ಬದುಕುವವಳಿಗೆ ತಿಂಗಳಿಗೆ ಮುನ್ನೂರು, ನಾನೂರು ರೂಪಾಯಿ ಹೆಚ್ಚಾದರೆ ಔಷಧಿ ಅಂಗಡಿಯಲ್ಲಿ ಗೊತ್ತಾಗುತ್ತದೆ. ಆದರೆ ಆ ಸಿಟ್ಟನ್ನು ಮೀಟರ್ ಓದಲು ಬಿಸಿಲಲ್ಲಿ ಬರುವ ಹುಡುಗನ ಮೇಲೆ ತೀರಿಸಿಕೊಳ್ಳುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಬಿಲ್ಲಿನ ಒಂದೊಂದು ಸಾಲನ್ನೂ ಒಬ್ಬೊಬ್ಬರು ತೀರ್ಮಾನಿಸಿರುತ್ತಾರೆ. ಯಾವ ಸಾಲು ಯಾರದು ಎಂದು ತಿಳಿದುಕೊಂಡರೆ ಯಾರನ್ನು ಕೇಳಬೇಕು ಎಂಬುದು ತಿಳಿಯುತ್ತದೆ. ನಾನು ಮಾಡುವ ಕ್ರಮವನ್ನೇ ಇಲ್ಲಿ ಬರೆಯುತ್ತೇನೆ.

ಮೊದಲು ವಿದ್ಯುತ್ ಬಿಲ್ಲು. ಒಂದು ಪೆನ್ಸಿಲ್, ಹಿಂದಿನ ಮೂರು ತಿಂಗಳ ಬಿಲ್ಲುಗಳು ಕೈಯಲ್ಲಿರಲಿ. ಉಷ್ಣಮುದ್ರಣದ ಆ ಕಾಗದ ಆರು ತಿಂಗಳಲ್ಲಿ ಬೆಳ್ಳಗಾಗಿಬಿಡುತ್ತದೆ, ಆದ್ದರಿಂದ ಬಂದ ದಿನವೇ ಮೊಬೈಲ್‌ನಲ್ಲಿ ಫೋಟೊ ತೆಗೆದಿಡಿ.

ನಮ್ಮ ಬೀದಿಯ ತುದಿಯಲ್ಲಿ ಹೂವು ಕಟ್ಟಿ ಮಾರುವ ತಾಯಿಯೊಬ್ಬರಿದ್ದಾರೆ. ಎರಡು ಕೋಣೆಯ ಬಾಡಿಗೆ ಮನೆ, ಮಲ್ಲಿಗೆ ಮೊಗ್ಗು ಬಾಡದಿರಲೆಂದು ಒಂದು ಹಳೆಯ ಫ್ರಿಜ್. ಗೃಹಜ್ಯೋತಿ ಬಂದಾಗಿನಿಂದ ಅವರದು ಶೂನ್ಯ ಬಿಲ್ಲು. ಮೇ ತಿಂಗಳಲ್ಲಿ ಬಿಲ್ಲು ಒಂದೂವರೆ ಸಾವಿರ ದಾಟಿತು. ಸೆರಗಿನ ತುದಿಯಲ್ಲಿ ಮಡಚಿ ಗಂಟು ಹಾಕಿಕೊಂಡಿದ್ದ ಆ ಕಾಗದವನ್ನು ಬಿಚ್ಚಿ ಮೇಜಿನ ಮೇಲಿಟ್ಟು, “ಪಿಂಚಣಿಯಂತೆ ಮೇಡಂ, ಯಾರ ಪಿಂಚಣಿಯನ್ನು ನಾನು ಕಟ್ಟಬೇಕು? ನನಗೇ ಪಿಂಚಣಿ ಇಲ್ಲ” ಎಂದರು. ಅವರ ಕೈಗಳಿಗಿನ್ನೂ ಹೂವಿನ ನಾರು ಅಂಟಿಕೊಂಡಿತ್ತು.

ನಾವಿಬ್ಬರೂ ಸಾಲು ಸಾಲಾಗಿ ಲೆಕ್ಕ ಹಾಕಿದೆವು. ಬಳಕೆ 206 ಯೂನಿಟ್, ಮಂಜೂರಾದ ಲೋಡ್, ಅಂದರೆ ಒಂದೇ ಹೊತ್ತಿಗೆ ಬಳಸಲು ಪಡೆದ ವಿದ್ಯುತ್ತಿನ ಮಿತಿ, 1 ಕಿಲೋವ್ಯಾಟ್. 2025-26ರ ದರದಲ್ಲಿ ನಿಗದಿತ ಶುಲ್ಕ ಕಿಲೋವ್ಯಾಟಿಗೆ 145 ರೂಪಾಯಿ. ಹಿಂದೆ 120 ಇತ್ತು. ಯೂನಿಟ್ ದರ 5.80, ಅಂದರೆ ಹಿಂದಿಗಿಂತ 10 ಪೈಸೆ ಕಡಿಮೆ, 206ಕ್ಕೆ 1,194.80. ಪಿಂಚಣಿ ಮತ್ತು ಗ್ರಾಚ್ಯುಟಿ ಸರ್‌ಚಾರ್ಜ್ ಯೂನಿಟಿಗೆ 36 ಪೈಸೆ, ಒಟ್ಟು 74.16. ಯೂನಿಟ್ ಮೊತ್ತದ ಮೇಲೆ ಶೇ 9 ವಿದ್ಯುತ್ ತೆರಿಗೆ, 107.53. ಕೂಡಿಸಿದರೆ 1,521.49. ಇಂಧನ ಮತ್ತು ವಿದ್ಯುತ್ ಖರೀದಿ ವೆಚ್ಚದ ಹೊಂದಾಣಿಕೆ ಎಂಬ ಸಾಲು ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ, ಅದನ್ನು ಬೇರೆಯಾಗಿ ಬರೆದುಕೊಳ್ಳಿ.

ಅಂದರೆ ಆ ತಾಯಿಯ ಹೊಟ್ಟೆ ಉರಿಸಿದ ಹೊಸ ಸಾಲಿನ ಪಾಲು ಎಪ್ಪತ್ತನಾಲ್ಕು ರೂಪಾಯಿ. ಉಳಿದ ಸಾವಿರದ ನಾನೂರಕ್ಕೂ ಮಿಕ್ಕಿದ ಹೊರೆ ಬಿದ್ದದ್ದು 200 ಯೂನಿಟ್ ದಾಟಿದ್ದರಿಂದ. ಗೃಹಜ್ಯೋತಿಯಲ್ಲಿ ಸಾಮಾನ್ಯವಾಗಿ 2022-23ರ ಸರಾಸರಿ ಬಳಕೆಯ ಮೇಲೆ ಶೇ 10 ಸೇರಿಸಿ ನಿಮ್ಮ ಉಚಿತ ಮಿತಿ ಗೊತ್ತುಮಾಡಿರುತ್ತಾರೆ. ಆ ಮಿತಿ ದಾಟಿದರೂ 200ರ ಒಳಗಿದ್ದರೆ ಹೆಚ್ಚುವರಿ ಯೂನಿಟಿಗಷ್ಟೇ ಹಣ. 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ಲನ್ನು ಕಟ್ಟಬೇಕು. ಬೇಸಿಗೆಯಲ್ಲಿ ಹಿಂದಿನ ಓದಿನಿಂದ ಇಪ್ಪತ್ತನೆಯ ದಿನ ಒಮ್ಮೆ ಮೀಟರ್ ನೋಡಿಕೊಳ್ಳಿ. ಅಷ್ಟರಲ್ಲಿ ಬಳಕೆ 135 ಯೂನಿಟ್ ದಾಟಿದ್ದರೆ ಆಗಲೇ ಎಚ್ಚರಿಕೆ ಬೇಕು.

ಆಮೇಲೆ ದಿನಾಂಕ ನೋಡಿದೆ. ಇದನ್ನು ಹತ್ತರಲ್ಲಿ ಒಂಬತ್ತು ಜನ ನೋಡುವುದಿಲ್ಲ. ಹಿಂದಿನ ಓದು ಮತ್ತು ಈಗಿನ ಓದಿನ ನಡುವೆ 33 ದಿನ. ಮಧ್ಯೆ ಸಾಲು ರಜೆ ಬಂದು ಓದು ತಡವಾಗಿತ್ತು. 206ನ್ನು 33ರಿಂದ ಭಾಗಿಸಿದರೆ ದಿನಕ್ಕೆ 6.24, ಮೂವತ್ತು ದಿನಕ್ಕೆ 187. ಮೂವತ್ತು ದಿನಕ್ಕೆ ಸರಿಯಾಗಿ ಓದಿದ್ದರೆ ಅವರು 200ರ ಒಳಗೇ ಇರುತ್ತಿದ್ದರು. ನಾಲ್ಕು ಸಾಲಿನ ಅರ್ಜಿ ಬರೆದೆವು: ಆರ್‌ಆರ್ ಸಂಖ್ಯೆ (ಬಿಲ್ಲಿನ ಮೇಲಿರುವ ಸಂಪರ್ಕದ ಸಂಖ್ಯೆ), ಎರಡು ಓದಿನ ದಿನಾಂಕ, ಈ ಭಾಗಾಕಾರ, “ದಿನಗಳ ಲೆಕ್ಕದಲ್ಲಿ ಬಿಲ್ಲನ್ನು ಮರುಪರಿಶೀಲಿಸಬೇಕು” ಎಂಬ ಕೋರಿಕೆ. ಅಷ್ಟೇ ಸಾಕು. ಅರ್ಜಿಯಲ್ಲಿ ಸರ್ಕಾರವನ್ನು ಬೈಯಬೇಡಿ. ಬೈದರೆ ಓದುವವರ ಕಣ್ಣು ಬೈಗುಳದ ಮೇಲೆ ನಿಲ್ಲುತ್ತದೆ, ಲೆಕ್ಕದ ಮೇಲೆ ನಿಲ್ಲುವುದಿಲ್ಲ. ಎರಡು ಪ್ರತಿ ಒಯ್ಯಿರಿ, ಒಂದರ ಮೇಲೆ ಸ್ವೀಕೃತಿಯ ಮೊಹರು, ದಿನಾಂಕ ಹಾಕಿಸಿಕೊಳ್ಳದೆ ಬರಬೇಡಿ.

ನಿಗದಿತ ಶುಲ್ಕದ ಬಗ್ಗೆ ಇನ್ನೊಂದು ಮಾತು. ನಮ್ಮ ಮನೆ ಕಟ್ಟಿಸುವಾಗ ಮುಂದೆ ಏಸಿ ಹಾಕಿಸಬಹುದೆಂದು 5 ಕಿಲೋವ್ಯಾಟ್ ಲೋಡ್ ತೆಗೆದುಕೊಂಡಿದ್ದೆವು. ಏಸಿ ಬರಲೇ ಇಲ್ಲ, ಸ್ನಾನಕ್ಕೆ ಸೋಲಾರ್ ಇದೆ. ಬಿಲ್ಲಿನಲ್ಲಿ ‘ದಾಖಲಾದ ಗರಿಷ್ಠ ಬೇಡಿಕೆ’ ಎಂಬ ಅಂಕಿ ಇರುತ್ತದೆ. ನಮ್ಮದು ವರ್ಷವಿಡೀ 2.4 ದಾಟಿಲ್ಲ. ಲೋಡನ್ನು 3ಕ್ಕೆ ಇಳಿಸಲು ಅರ್ಜಿ ಕೊಟ್ಟೆ. 2025-26ರ ದರದಲ್ಲಿ ತಿಂಗಳಿಗೆ 290, ವರ್ಷಕ್ಕೆ 3,480 ರೂಪಾಯಿ ಉಳಿತಾಯ. ನಿಮ್ಮ ಗರಿಷ್ಠ ಬೇಡಿಕೆ ಮಂಜೂರಾದ ಲೋಡಿನ ಹತ್ತಿರ ಹತ್ತಿರ ಇದ್ದರೆ ಇಳಿಸಲು ಹೋಗಬೇಡಿ, ಮೀರಿದರೆ ಮತ್ತೆ ಏರಿಸಬೇಕಾಗುತ್ತದೆ. ‘ಹೆಚ್ಚುವರಿ ಭದ್ರತಾ ಠೇವಣಿ’ ಎಂದು ವರ್ಷಕ್ಕೊಮ್ಮೆ ಕೇಳುವುದನ್ನು ಬಹಳ ಜನ ಹೊಸ ತೆರಿಗೆ ಎಂದುಕೊಳ್ಳುತ್ತಾರೆ. ಅದು ನಿಮ್ಮದೇ ಹಣ, ನಿಮ್ಮ ಸರಾಸರಿ ಬಿಲ್ಲು ಹೆಚ್ಚಾದದ್ದಕ್ಕೆ ಕೇಳುವುದು. ಅದಕ್ಕೆ ಬರಬೇಕಾದ ಬಡ್ಡಿ ಜಮೆಯಾಗಿದೆಯೇ ನೋಡಿ.

ಇನ್ನು ಆಸ್ತಿ ತೆರಿಗೆ ಮತ್ತು ಕಸದ ಶುಲ್ಕ. ಬೆಂಗಳೂರಿನಲ್ಲಿ ಮನೆಯ ಕಟ್ಟಡದ ವಿಸ್ತೀರ್ಣಕ್ಕೆ ತಕ್ಕಂತೆ ಶುಲ್ಕ: 600 ಚದರಡಿವರೆಗೆ ತಿಂಗಳಿಗೆ 10 ರೂಪಾಯಿ, 1,000ದವರೆಗೆ 50, 2,000ದವರೆಗೆ 100, 3,000ದವರೆಗೆ 150, 4,000ದವರೆಗೆ 200, ಅದರ ಮೇಲೆ 400. ಇದನ್ನು ವರ್ಷಕ್ಕೆ ಒಟ್ಟುಗೂಡಿಸಿ ಆಸ್ತಿ ತೆರಿಗೆಯ ಜೊತೆ ಕೇಳುತ್ತಾರೆ. ನಮಗೆ 1,200 ಬಂದಾಗ ನಾನು ಹಳೆಯ ಕಡತ ತೆಗೆದೆ. 2008ರಲ್ಲಿ ಸ್ವಯಂ ಘೋಷಣೆಯ ಹೊಸ ಪದ್ಧತಿ ಬಂದಾಗ ನಮ್ಮ ಯಜಮಾನರು ತುಂಬಿದ ನಮೂನೆ ಅದರಲ್ಲಿತ್ತು. ಮೂವತ್ತು ನಲವತ್ತರ ನಿವೇಶನವೆಂದು ಕಟ್ಟಡದ ಜಾಗದಲ್ಲೂ 1,200 ಎಂದೇ ಬರೆದಿದ್ದರು. ಟೇಪು ಹಿಡಿದು ಅಳೆದರೆ ಮನೆ ಇರುವುದು 940 ಚದರಡಿ. ಹದಿನೇಳು ವರ್ಷ ಇಲ್ಲದ 260 ಚದರಡಿಗೆ ತೆರಿಗೆ ಕಟ್ಟಿದ್ದೇವೆ. ಸಹಾಯಕ ಕಂದಾಯ ಅಧಿಕಾರಿಯ ಕಚೇರಿಗೆ ನಕ್ಷೆಯ ಪ್ರತಿ ಸೇರಿಸಿ ಅರ್ಜಿ ಕೊಟ್ಟೆ. ನೀವೂ ಮೊದಲು ನಿಮ್ಮ ಮನೆಯನ್ನು ಅಳೆಯಿರಿ. ಬಾಡಿಗೆದಾರರು ಬಿಟ್ಟುಹೋಗಿ ನೀವೇ ವಾಸವಿದ್ದರೆ ಅದನ್ನೂ ಬದಲಿಸಿ ಘೋಷಿಸಿ, ಬಾಡಿಗೆಯ ಭಾಗಕ್ಕೆ ಸ್ವಂತ ವಾಸದ ಎರಡರಷ್ಟು ದರ. ಏಪ್ರಿಲ್ ಒಳಗೆ ಪೂರ್ತಿ ಕಟ್ಟಿದರೆ ತೆರಿಗೆಯಲ್ಲಿ ಶೇ 5 ರಿಯಾಯಿತಿ ಇದೆ. ತಕರಾರು ಇದೆಯೆಂದು ಕಟ್ಟದೆ ಕೂರಬೇಡಿ, ಬಡ್ಡಿ ಬೆಳೆಯುತ್ತದೆ. ಕಟ್ಟಿ, ಆಕ್ಷೇಪಣೆಗೆ ಒಳಪಟ್ಟು ಕಟ್ಟಿದ್ದೇನೆ ಎಂದು ಲಿಖಿತವಾಗಿ ತಿಳಿಸಿ.

ಕಸ ನಿರ್ವಹಣೆಯ ಸೆಸ್ ಎಂಬುದು ಹಿಂದಿನಿಂದಲೂ ಆಸ್ತಿ ತೆರಿಗೆಯ ಜೊತೆಗಿತ್ತು. ನಿಮ್ಮ ಚಲನ್‌ನಲ್ಲಿ ಸೆಸ್ ಮತ್ತು ಬಳಕೆದಾರರ ಶುಲ್ಕ ಎರಡೂ ಇದ್ದರೆ, ಒಂದೇ ಕಸಕ್ಕೆ ಎರಡು ಸಾಲು ಏಕೆ ಎಂದು ಕೇಳುವ ಹಕ್ಕು ನಿಮಗಿದೆ. ಅದಕ್ಕೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು. “ಏಕೆ” ಎಂದು ಕೇಳಿದರೆ ಉತ್ತರ ಬರುವುದು ಕಷ್ಟ. “ನಮ್ಮ ವಾರ್ಡಿನಿಂದ ಈ ವರ್ಷ ಎಷ್ಟು ಸಂಗ್ರಹವಾಯಿತು, ಎಷ್ಟು ಖರ್ಚಾಯಿತು, ಆದೇಶದ ಪ್ರತಿ ಕೊಡಿ” ಎಂದು ಕೇಳಿ. ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು.

ಹೂವಿನ ತಾಯಿಯ ಪ್ರಶ್ನೆಗೆ ನಾನು ಉತ್ತರ ಕೊಡಬೇಕಿತ್ತು. ಹಳೆಯ ವಿದ್ಯುತ್ ಮಂಡಳಿ 1999ರಲ್ಲಿ ನಿಗಮವಾಯಿತು, 2002ರಲ್ಲಿ ವಿತರಣಾ ಕಂಪನಿಗಳು ಬೇರೆಯಾದವು. ಅಲ್ಲಿ ದುಡಿದವರ ಪಿಂಚಣಿಗೆ ಸರ್ಕಾರ ಕೊಡಬೇಕಿದ್ದ ಪಾಲನ್ನು ಬಳಕೆದಾರರಿಂದ ಪಡೆಯಲು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ 2025ರ ಮಾರ್ಚ್‌ನಲ್ಲಿ ಒಪ್ಪಿತು. 2026-27ರಲ್ಲಿ 35 ಪೈಸೆ, 2027-28ರಲ್ಲಿ 34 ಪೈಸೆ ಎಂದೂ ಆದೇಶದಲ್ಲಿದೆ. ಕಂಬ ಹತ್ತಿ ದುಡಿದವರಿಗೆ ಪಿಂಚಣಿ ಸಿಗಲೇಬೇಕು. ಅದನ್ನು ಎರಡು ಕೋಣೆಯ ಮನೆಯ ಬಿಲ್ಲಿನಲ್ಲಿ ಹುಡುಕುವುದು ನನಗೆ ಒಪ್ಪಿಗೆಯಿಲ್ಲ. ಆ ತಾಯಿಗೆ ಗೃಹಲಕ್ಷ್ಮಿಯ 2,000 ರೂಪಾಯಿಯೂ ಬರುತ್ತದೆ, ಅದರಲ್ಲಿ ಮೊಮ್ಮಗಳ ಶಾಲೆಯ ಖರ್ಚು ನಡೆಯುತ್ತದೆ. ಖಜಾನೆ ಬಿಗಿಯಾಗಿದ್ದರೆ ಅದನ್ನು ಬಜೆಟ್ಟಿನಲ್ಲಿ ನೇರವಾಗಿ ಹೇಳಿ, ಹೆಚ್ಚು ಉಳ್ಳವರಿಂದ ಹೆಚ್ಚು ಕೇಳಲಿ. ಯೂನಿಟಿಗೆ ಇಷ್ಟು ಎಂದರೆ ಹಳೆಯ ಫ್ರಿಜ್ ಇಟ್ಟುಕೊಂಡ ಬಡವರೂ ಅದೇ ದರ ತೆರುತ್ತಾರೆ.

ಇದನ್ನು ಹೇಳುವ ಜಾಗವೂ ಇದೆ. 2003ರ ವಿದ್ಯುಚ್ಛಕ್ತಿ ಕಾಯ್ದೆಯ 64ನೆಯ ಕಲಮಿನ ಪ್ರಕಾರ ಜನರ ಸಲಹೆ, ಆಕ್ಷೇಪಣೆಗಳನ್ನು ಪರಿಗಣಿಸದೆ ಆಯೋಗ ದರ ನಿಗದಿ ಮಾಡುವಂತಿಲ್ಲ. ಕಂಪನಿಗಳು ಅರ್ಜಿ ಸಲ್ಲಿಸಿದ ಮೇಲೆ ಪತ್ರಿಕೆಗಳಲ್ಲಿ ಪ್ರಕಟಣೆ ಬರುತ್ತದೆ, ಕೊನೆಯ ದಿನ, ಪ್ರತಿಗಳ ಸಂಖ್ಯೆ ಎಲ್ಲವೂ ಅದರಲ್ಲೇ ಇರುತ್ತದೆ. ಚಳಿಗಾಲದಲ್ಲಿ ಒಳಪುಟದ ಆ ಸಣ್ಣ ಅಕ್ಷರದ ಪ್ರಕಟಣೆಗಳನ್ನು ಬಿಡದೆ ನೋಡಿ, ಕತ್ತರಿಸಿ ಇಟ್ಟುಕೊಳ್ಳಿ. ಬಹಿರಂಗ ವಿಚಾರಣೆಯಲ್ಲಿ ಕನ್ನಡದಲ್ಲೇ ಮಾತನಾಡಿ. ನಿಮ್ಮದೇ ಬಿಲ್ಲಿನ ಅಂಕಿಗಳನ್ನು ಓದಿ ಹೇಳಿ.

ಬಿಲ್ಲಿನ ತಪ್ಪಿಗಾದರೆ ದಾರಿ ಬೇರೆ. ಮೊದಲು ನಿಮ್ಮ ವಿದ್ಯುತ್ ಕಂಪನಿಯ ಸಹಾಯವಾಣಿ, ಆಮೇಲೆ ಉಪವಿಭಾಗದ ಕಚೇರಿಗೆ ಅರ್ಜಿ, ಅಲ್ಲೂ ಆಗದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ, ಕೊನೆಗೆ ವಿದ್ಯುತ್ ಲೋಕಪಾಲರು. ದೂರಿನ ಸಂಖ್ಯೆಯನ್ನು ಪ್ರತಿ ಹಂತದಲ್ಲೂ ಬರೆದಿಟ್ಟುಕೊಳ್ಳಿ.

ಹೂವಿನ ತಾಯಿಯ ಅರ್ಜಿಗೆ ಇನ್ನೂ ಉತ್ತರ ಬಂದಿಲ್ಲ. ಮೊಹರಿನ ಪ್ರತಿ ನನ್ನ ಕಡತದಲ್ಲಿದೆ, ವೇದಿಕೆಗೆ ಹಾಕುವ ನಮೂನೆಯನ್ನು ಅರ್ಧ ತುಂಬಿದ್ದೇವೆ. ಬರುವ ಭಾನುವಾರ ಉಳಿದರ್ಧ ತುಂಬಬೇಕು. ನೀವೂ ಬರುವುದಾದರೆ ಮೂರು ತಿಂಗಳ ಬಿಲ್ಲು, ಆಸ್ತಿ ತೆರಿಗೆಯ ಚಲನ್, ಒಂದು ಟೇಪು ತನ್ನಿ.